ತೂರಾಡುವ ಮಗು, ಕೆಂಪೇರಿದ ಕಣ್ಣು ಮತ್ತು ಎಟಿಎಂ ಜೀನ್

ಮಗು ಒಂದು ವರ್ಷದ ಆಸುಪಾಸಿನಲ್ಲಿ ಎಲ್ಲ ಮಕ್ಕಳಂತೆಯೇ ಹೆಜ್ಜೆ ಇಡುತ್ತದೆ. ಎರಡು ತುಂಬಿದರೂ ಆ ಹೆಜ್ಜೆ ಮಾತ್ರ ಗಟ್ಟಿಯಾಗುವುದಿಲ್ಲ. ಓಡುವಾಗ ಅಷ್ಟಾಗಿ ಕಾಣದ ತೊಂದರೆ ಸುಮ್ಮನೆ ನಿಂತಾಗ ಕಣ್ಣಿಗೆ ಬೀಳುತ್ತದೆ: ಮೈ ಅತ್ತಿತ್ತ ಓಲಾಡುತ್ತದೆ, ನಿಂತಲ್ಲಿ ನಿಲ್ಲಲಾಗದೆ ನಾಲ್ಕು ಹೆಜ್ಜೆ ಹಾಕಿ ಗೋಡೆ ಹಿಡಿದುಕೊಳ್ಳುತ್ತದೆ. ಪಕ್ಕದಿಂದ ಯಾರಾದರೂ ಕರೆದರೆ ತಲೆ ಗಕ್ಕನೆ ಆ ಕಡೆ ತಿರುಗುತ್ತದೆ, ಕಣ್ಣು ಒಂದು ಕ್ಷಣ ತಡವಾಗಿ ಬಂದು ಸೇರುತ್ತದೆ. ಎಂಆರ್‌ಐ ಮಾಡಿಸಿದರೆ ಮೆದುಳಿನಲ್ಲಿ ಏನೂ ದೋಷವಿಲ್ಲ ಎಂದು ಬರುತ್ತದೆ. ಫೈಲಿನ ಮೇಲೆ ‘ಸೆರೆಬ್ರಲ್ ಪಾಲ್ಸಿ’ (ಎಳೆಯ ಮೆದುಳಿಗಾದ ಪೆಟ್ಟಿನಿಂದ ಬರುವ ಚಲನೆಯ ದೋಷ) ಎಂದು ಬರೆದು ಫಿಸಿಯೋಥೆರಪಿಗೆ ಕಳಿಸುತ್ತಾರೆ. ನಾಲ್ಕೈದನೇ ವರ್ಷದಲ್ಲಿ ಸ್ವಲ್ಪ ಸುಧಾರಿಸಿದಂತೆಯೂ ಕಾಣುತ್ತದೆ, ಏಕೆಂದರೆ ಆ ವಯಸ್ಸಿನ ಸಹಜ ಬೆಳವಣಿಗೆ ರೋಗದ ವೇಗವನ್ನು ಕೆಲಕಾಲ ಮೀರಿಸುತ್ತದೆ. ಆಮೇಲೆ ಇಳಿಜಾರು. ಹತ್ತು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಗಾಲಿಕುರ್ಚಿ ಬೇಕಾಗುತ್ತದೆ.

ಹೀಗೆ ತೂರಾಡುವ ಮಕ್ಕಳಲ್ಲಿ ಒಂದು ಸಣ್ಣ ಗುಂಪಿಗೆ ಇರುವುದು ಅಟಾಕ್ಸಿಯಾ ಟೆಲಾಂಜಿಯೆಕ್ಟೇಶಿಯಾ. ಚಿಕ್ಕದಾಗಿ ಎ-ಟಿ ಎನ್ನುತ್ತಾರೆ. ‘ಅಟಾಕ್ಸಿಯಾ’ ಎಂದರೆ ಚಲನೆಯ ಹಿಡಿತ ತಪ್ಪುವುದು. ಉದ್ದನೆಯ ಎರಡನೇ ಪದ ಹಿಗ್ಗಿದ ಕಿರು ರಕ್ತನಾಳಗಳಿಗೆ ಇಟ್ಟ ಹೆಸರು. ಈ ಕೆಂಪು ಗೆರೆಗಳು ಕಣ್ಣಿನ ಬಿಳಿಭಾಗದಲ್ಲಿ, ಮೂಗಿನ ಕಡೆಯ ಮತ್ತು ಕಿವಿಯ ಕಡೆಯ ಮೂಲೆಗಳಿಂದ ಹೊರಟು ಕಪ್ಪು ಗುಡ್ಡೆಯ ಕಡೆಗೆ ಸಾಗುತ್ತವೆ. ಮದ್ರಾಸ್ ಐ ಬಂದಿದೆ ಎಂದುಕೊಂಡು ತಿಂಗಳುಗಟ್ಟಲೆ ಡ್ರಾಪ್ಸ್ ಹಾಕುವವರಿದ್ದಾರೆ. ಕಣ್ಣುಬೇನೆಯಲ್ಲಿ ತುರಿಕೆ, ಪಿಸುರು ಇರುತ್ತವೆ, ವಾರದಲ್ಲಿ ಇಳಿಯುತ್ತದೆ. ಇಲ್ಲಿ ನೋವಿಲ್ಲ, ಪಿಸುರಿಲ್ಲ, ಕೆಂಪು ಹೋಗುವುದೂ ಇಲ್ಲ. ತೊಂದರೆ ಏನೆಂದರೆ, ಈ ಗುರುತು ಸಾಮಾನ್ಯವಾಗಿ ಮೂರರಿಂದ ಎಂಟು ವರ್ಷದ ನಡುವೆ, ನಡಿಗೆ ಕೆಟ್ಟು ಎಷ್ಟೋ ಕಾಲದ ಮೇಲೆ ಕಾಣಿಸುತ್ತದೆ. ಕೆಲವರಲ್ಲಿ ಬರುವುದೇ ಇಲ್ಲ. ಕಣ್ಣು ಕೆಂಪಾಗಲಿ ಎಂದು ಕಾದು ಕೂತರೆ ರೋಗನಿರ್ಣಯ ವರ್ಷಗಟ್ಟಲೆ ತಡವಾಗುತ್ತದೆ.

40,000ದಿಂದ 1,00,000 ಜನನಗಳಿಗೆ ಒಂದು ಎಂಬ ಅಂದಾಜಿನ ಅಪರೂಪದ ಕಾಯಿಲೆ ಇದು. ಅಷ್ಟು ಅಪರೂಪದ್ದರ ಬಗ್ಗೆ ಇಷ್ಟುದ್ದ ಬರೆಯುವುದಕ್ಕೆ ಕಾರಣವಿದೆ. ಮೆದುಳಿನ ಹಾನಿಯನ್ನು ತಡೆಯುವ ಮದ್ದು ಇವತ್ತಿಗೂ ಇಲ್ಲ, ನಿಜ. ಆದರೆ ಕಾಯಿಲೆಯ ಹೆಸರು ಬೇಗ ಗೊತ್ತಾದರೆ ತಪ್ಪಿಸಬಹುದಾದ ಹಾನಿ ಬಹಳ: ವಿಕಿರಣದ್ದು, ಕೆಲವು ಲಸಿಕೆಗಳದ್ದು, ಶ್ವಾಸಕೋಶಕ್ಕೆ ಇಳಿಯುವ ಅನ್ನದ್ದು, ತಾಯಿಯ ಸ್ತನ ಕ್ಯಾನ್ಸರಿನದ್ದು. ಹೆಸರು ತಿಳಿಯುವ ಮೊದಲ ಹೆಜ್ಜೆಯೋ, ಜಿಲ್ಲಾ ಕೇಂದ್ರದ ಯಾವ ಲ್ಯಾಬ್‌ನಲ್ಲೂ ಆಗುವ ಒಂದು ರಕ್ತಪರೀಕ್ಷೆ.

ಮೊದಲು ಜೀನ್ ವಿಷಯ. 1926ರಲ್ಲಿ ಪ್ರಾಗ್‌ನ ಸಿಲ್ಲಾಬಾ ಮತ್ತು ಹೆನ್ನರ್ ಇಂಥ ರೋಗಿಗಳನ್ನು ವರ್ಣಿಸಿದರು. 1941ರಲ್ಲಿ ಬೆಲ್ಜಿಯಂನ ಡೆನಿಸ್ ಲೂಯಿ-ಬಾರ್ ಮತ್ತೊಂದು ಮಗುವನ್ನು. ಇದೇ ಒಂದು ಪ್ರತ್ಯೇಕ ಕಾಯಿಲೆ ಎಂದು ಗುರುತಿಸಿ ಈಗಿನ ಹೆಸರು ಕೊಟ್ಟವರು ಲಾಸ್ ಏಂಜಲೀಸ್‌ನ ಎಲೆನಾ ಬೋಡರ್ ಮತ್ತು ರಾಬರ್ಟ್ ಸೆಜ್‌ವಿಕ್, 1957-58ರಲ್ಲಿ. 1988ರಲ್ಲಿ ರಿಚರ್ಡ್ ಗ್ಯಾಟಿ ಅವರ ತಂಡ ದೋಷವಿರುವುದು 11ನೇ ವರ್ಣತಂತುವಿನ ಉದ್ದ ತೋಳಿನಲ್ಲಿ ಎಂದು ತೋರಿಸಿತು. 1995ರಲ್ಲಿ ಟೆಲ್ ಅವಿವ್‌ನ ಯೋಸೆಫ್ ಶಿಲೋ ಅವರ ತಂಡ ಜೀನನ್ನೇ ಹಿಡಿದು ತಂದಿತು. ಅದೇ ಎಟಿಎಂ. ಡಿಎನ್‌ಎಯ ಸುಮಾರು ಒಂದೂವರೆ ಲಕ್ಷ ಅಕ್ಷರಗಳಷ್ಟು ಹಬ್ಬಿರುವ, 66 ಎಕ್ಸಾನ್‌ಗಳ (ಅಂತಿಮ ಸಂದೇಶದಲ್ಲಿ ಉಳಿಯುವ ತುಂಡುಗಳ) ದೊಡ್ಡ ಜೀನ್. ಅದರಿಂದ ತಯಾರಾಗುವ ಪ್ರೋಟೀನಿನಲ್ಲಿ 3,056 ಅಮೈನೋ ಆಮ್ಲಗಳಿವೆ.

ಎಟಿಎಂ ತಾನೇ ಕೈಹಾಕಿ ಡಿಎನ್‌ಎ ಜೋಡಿಸುವುದಿಲ್ಲ. ಅದರದು ಊರಿಗೆಲ್ಲ ಡಂಗುರ ಸಾರುವ ಕೆಲಸ. ಜೀವಕೋಶ ವಿಶ್ರಾಂತಿಯಲ್ಲಿರುವಾಗ ಎರಡೆರಡು ಎಟಿಎಂ ಅಣುಗಳು ಒಂದಕ್ಕೊಂದು ಅಂಟಿಕೊಂಡು ನಿಷ್ಕ್ರಿಯವಾಗಿರುತ್ತವೆ. ಡಿಎನ್‌ಎಯ ಎರಡೂ ಎಳೆಗಳು ಒಂದೇ ಕಡೆ ತುಂಡಾದರೆ, ಎಂಆರ್‌ಇ11, ರಾಡ್50, ಎನ್‌ಬಿಎಸ್1 ಎಂಬ ಮೂರು ಪ್ರೋಟೀನುಗಳ ಕೂಟ ತುಂಡಾದ ತುದಿಗಳನ್ನು ಹಿಡಿದು ಎಟಿಎಂ ಅನ್ನು ಅಲ್ಲಿಗೆ ಕರೆಯುತ್ತದೆ. ಜೋಡಿ ಬಿಡಿಸಿಕೊಂಡು ಎಟಿಎಂ ತನ್ನದೇ 1981ನೇ ಸ್ಥಾನದ ಸೆರೀನ್‌ಗೆ ಫಾಸ್ಫೇಟ್ ಅಂಟಿಸಿಕೊಳ್ಳುತ್ತದೆ (ಇದನ್ನು 2003ರಲ್ಲಿ ಬಕೆನಿಸ್ಟ್ ಮತ್ತು ಕ್ಯಾಸ್ಟನ್ ತೋರಿಸಿದರು). ಅಲ್ಲಿಂದ ಮುಂದೆ ಸಿಕ್ಕಸಿಕ್ಕ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತಾ ಹೋಗುತ್ತದೆ. ಎಚ್2ಎಎಕ್ಸ್‌ಗೆ ಅಂಟಿಸಿದರೆ ಮುರಿದ ಜಾಗಕ್ಕೆ ಬಾವುಟ ನೆಟ್ಟಂತೆ. ಚೆಕ್2ಗೆ, ಪಿ53ಗೆ ಅಂಟಿಸಿದರೆ ಕೋಶವಿಭಜನೆಗೆ ತಡೆ. ದುರಸ್ತಿ ಮುಗಿಯುವ ತನಕ ಕೋಶ ಮುಂದೆ ಹೆಜ್ಜೆ ಇಡಬಾರದು. 2007ರ ಒಂದು ಅಧ್ಯಯನ ಎಟಿಎಂ ಮತ್ತು ಅದರ ಸೋದರ ಎಟಿಆರ್ ಹೀಗೆ ಮುಟ್ಟುವ 700ಕ್ಕೂ ಹೆಚ್ಚು ಪ್ರೋಟೀನುಗಳನ್ನು ಪಟ್ಟಿ ಮಾಡಿತು.

ಸಾರುವವನೇ ಇಲ್ಲದಿದ್ದರೆ ಕೋಶ ಮುರಿದ ಡಿಎನ್‌ಎ ಇಟ್ಟುಕೊಂಡೇ ನಕಲು ಮಾಡುತ್ತದೆ. ರಕ್ತದ ಬಿಳಿಕೋಶಗಳು ಬೆಳೆಯುವಾಗ ತಮ್ಮ ಡಿಎನ್‌ಎಯನ್ನು ತಾವೇ ಕತ್ತರಿಸಿ ಮರುಜೋಡಿಸಿಕೊಳ್ಳಬೇಕು, ಇಲ್ಲದಿದ್ದರೆ ಬಗೆಬಗೆಯ ಆಂಟಿಬಾಡಿ ಹುಟ್ಟುವುದಿಲ್ಲ. ಅಲ್ಲಿಯೂ ಎಟಿಎಂ ಬೇಕು. ಹಾಗಾಗಿ ಈ ಮಕ್ಕಳಲ್ಲಿ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ತಪ್ಪಾಗಿ ಜೋಡಣೆಯಾದ ಬಿಳಿಕೋಶಗಳಿಂದ ಲಿಂಫೋಮಾ, ಲ್ಯುಕೇಮಿಯಾ ಎಂಬ ಕ್ಯಾನ್ಸರ್‌ಗಳು ಬರುವ ಅಪಾಯ ಬಹಳ ಹೆಚ್ಚುತ್ತದೆ. ಇಷ್ಟರ ಮಟ್ಟಿಗೆ ಲೆಕ್ಕ ಸರಿಹೋಗುತ್ತದೆ.

ಸರಿಹೋಗದಿರುವುದು ಮೆದುಳಿನ ಲೆಕ್ಕ. ನರಕೋಶ ವಿಭಜನೆಯಾಗುವುದೇ ಇಲ್ಲ. ಹಾಗಿರುವಾಗ ವಿಭಜನೆಗೆ ತಡೆ ಹಾಕುವ ಪ್ರೋಟೀನ್ ಇಲ್ಲದಿದ್ದರೆ ಅದಕ್ಕೇನು? ಅದರಲ್ಲೂ ಮೈಯ ಸಮತೋಲನ ನೋಡಿಕೊಳ್ಳುವ ಕಿರುಮೆದುಳಿನ ಪರ್ಕಿಂಜೆ ಕೋಶಗಳೇ ಏಕೆ ಮೊದಲು ಸಾಯಬೇಕು? ಕಿರುಮೆದುಳಿನ ತೊಗಟೆಯಿಂದ ಹೊರಡುವ ಪ್ರತಿಯೊಂದು ಆಜ್ಞೆಯೂ ಪರ್ಕಿಂಜೆ ಕೋಶದ ಮೂಲಕವೇ ಹೋಗಬೇಕು. ಒಂದೊಂದು ಕೋಶವೂ ಲಕ್ಷದಷ್ಟು ಸಂಪರ್ಕಗಳಿಂದ ಬರುವ ಸುದ್ದಿಯನ್ನು ಕೂಡಿ ಕಳೆಯುತ್ತದೆ. ಹಗಲಿರುಳು ಉರಿಯುವ ಒಲೆ ಅದು. ಉರಿದಷ್ಟೂ ಆಮ್ಲಜನಕದ ಕಿಡಿಗಳು ಡಿಎನ್‌ಎಗೆ ತಗುಲುತ್ತವೆ. ಎಟಿಎಂ ಈ ಕಿಡಿಗಳನ್ನೂ ನೇರವಾಗಿ ಗುರುತಿಸುತ್ತದೆ, ಡಿಎನ್‌ಎ ತುಂಡಾಗದಿದ್ದರೂ ಎಚ್ಚರಗೊಳ್ಳುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ಇನ್ನೊಂದು ಸುಳಿವು ಅಕ್ಕಪಕ್ಕದ ಕಾಯಿಲೆಗಳಿಂದ ಸಿಗುತ್ತದೆ. ಟಿಡಿಪಿ1, ಅಪ್ರಟಾಕ್ಸಿನ್, ಪಿಎನ್‌ಕೆಪಿ, ಎಕ್ಸ್‌ಆರ್‌ಸಿಸಿ1 ಇವೆಲ್ಲ ಡಿಎನ್‌ಎಯ ಒಂದೇ ಎಳೆ ಮುರಿದಾಗ ಜೋಡಿಸುವ ಪ್ರೋಟೀನುಗಳು. ಇವುಗಳಲ್ಲಿ ಯಾವುದರ ಜೀನ್ ಕೆಟ್ಟರೂ ಕಿರುಮೆದುಳು ಸೊರಗುತ್ತದೆ. 2017ರಲ್ಲಿ ಎಕ್ಸ್‌ಆರ್‌ಸಿಸಿ1 ಇಲ್ಲದ ಇಲಿಗಳಲ್ಲಿ ಪಾರ್ಪ್1 ಎಂಬ ಇನ್ನೊಂದು ಪ್ರೋಟೀನನ್ನೂ ತೆಗೆದುಹಾಕಿದಾಗ ನರಕೋಶಗಳ ನಷ್ಟ ಕಡಿಮೆಯಾಯಿತು. ಅಂದರೆ ಅಲ್ಲಿ ಕೇಡು ತರುತ್ತಿದ್ದುದು ಮುರಿತವೊಂದೇ ಅಲ್ಲ. ಮುರಿತ ಕಂಡು ನಿಲ್ಲಿಸದೆ ಕೂಗಿಕೊಳ್ಳುವ ಪಾರ್ಪ್1 ಕೂಡ.

ಎಟಿಎಂ ತೆಗೆದ ಇಲಿಗಳ ಕಥೆ ಇನ್ನೂ ಗಂಟು. ಅವಕ್ಕೆ ಲಿಂಫೋಮಾ ಬರುತ್ತದೆ, ವಿಕಿರಣ ತಡೆಯುವುದಿಲ್ಲ, ಆದರೆ ಮನುಷ್ಯರ ಮಕ್ಕಳಂತೆ ಕಿರುಮೆದುಳು ಕರಗಿ ತೂರಾಡುವುದಿಲ್ಲ. ಔಷಧಿಗಳ ಪರೀಕ್ಷೆ ಇಷ್ಟು ನಿಧಾನವಾಗಿ ಸಾಗುತ್ತಿರುವುದಕ್ಕೆ ಇದು ಮುಖ್ಯ ಕಾರಣ ಎಂಬುದು ನನ್ನ ಎಣಿಕೆ.

ಈಗ ಪರೀಕ್ಷೆಗೆ ಬರೋಣ. ನಡಿಗೆ ತೂರಾಡುವ, ಎಂಆರ್‌ಐ ಸರಿಯಿರುವ, ಹುಟ್ಟುವಾಗ ಉಸಿರುಕಟ್ಟಿದ ಇತಿಹಾಸವಿಲ್ಲದ ಪ್ರತಿ ಮಗುವಿಗೂ ಆಲ್ಫಾ ಫೀಟೋಪ್ರೋಟೀನ್, ಅಂದರೆ ಎಎಫ್‌ಪಿ, ಮಾಡಿಸಬೇಕು. ಲಿವರ್ ಕ್ಯಾನ್ಸರ್ ನೋಡಲು ಎಲ್ಲ ಕಡೆ ಮಾಡುವ ಪರೀಕ್ಷೆಯೇ ಇದು. ದೊಡ್ಡವರಲ್ಲಿ ಮಿಲಿಲೀಟರಿಗೆ 10 ನ್ಯಾನೋಗ್ರಾಂ ಒಳಗಿರುತ್ತದೆ. ಎ-ಟಿ ಇರುವವರಲ್ಲಿ 95%ಗೂ ಹೆಚ್ಚು ಮಂದಿಗೆ ಏರಿರುತ್ತದೆ, ವಯಸ್ಸಾದಂತೆ ನಿಧಾನವಾಗಿ ಇನ್ನೂ ಏರುತ್ತದೆ. ಇಲ್ಲಿ ಎಡವುವ ಜಾಗಗಳು ಮೂರು. ಒಂದು, ಹುಟ್ಟಿದ ಮಗುವಿನಲ್ಲಿ ಎಎಫ್‌ಪಿ ಸಹಜವಾಗಿಯೇ ಹತ್ತಾರು ಸಾವಿರ ಇರುತ್ತದೆ, ಇಳಿಯಲು ವರ್ಷ ಬೇಕು. ಆದ್ದರಿಂದ ಎರಡು ವರ್ಷಕ್ಕೆ ಮೊದಲು ಸಿಕ್ಕ ಅಂಕಿಯನ್ನು ನೆಚ್ಚಬಾರದು, ಮತ್ತೆ ಮಾಡಿಸಬೇಕು. ಎರಡು, ಕಾರಣ ತಿಳಿಯದ ಅಟಾಕ್ಸಿಯಾಗೆ ಎಷ್ಟೋ ವೈದ್ಯರು ಬಯೋಟಿನ್ ಎಂಬ ವಿಟಮಿನ್ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಿರುತ್ತಾರೆ. ಕೆಲವು ಯಂತ್ರಗಳ ಪರೀಕ್ಷಾ ವಿಧಾನದಲ್ಲಿ ರಕ್ತದ ಬಯೋಟಿನ್ ಅಡ್ಡಬಂದು ಎಎಫ್‌ಪಿಯನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ. ರಕ್ತ ಕೊಡುವ ಮುಂಚೆಯೇ ಲ್ಯಾಬ್‌ಗೂ ವೈದ್ಯರಿಗೂ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂರು, ಎಎಫ್‌ಪಿ ಏರಿದ ಮಾತ್ರಕ್ಕೆ ಎ-ಟಿ ಎಂದಲ್ಲ. ಸೆಟೆಕ್ಸಿನ್ ಜೀನ್ ಕೆಟ್ಟು ಬರುವ ಎಒಎ2 ಎಂಬ ಇನ್ನೊಂದು ಅಟಾಕ್ಸಿಯಾದಲ್ಲೂ ಏರುತ್ತದೆ, ಆದರೆ ಅದು ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ, ರೋಗನಿರೋಧಕ ಶಕ್ತಿ ಕುಂದುವುದಿಲ್ಲ.

ಅದೇ ಸೂಜಿಗೆ ಐಜಿಎ, ಐಜಿಜಿ ಎಂಬ ಆಂಟಿಬಾಡಿಗಳ ಮಟ್ಟ, ಬಿಳಿಕೋಶಗಳ ಎಣಿಕೆ ಮತ್ತು ವಿಟಮಿನ್ ಇ ಕೂಡ ಸೇರಿಸಿ. ವಿಟಮಿನ್ ಇ ಏಕೆಂದರೆ, ಅದರ ಕೊರತೆಯಿಂದ ಬರುವ ಅಟಾಕ್ಸಿಯಾ ಮಾತ್ರೆಯಿಂದಲೇ ತಡೆಯಬಹುದಾದದ್ದು. ಚಿಕಿತ್ಸೆಯಿರುವ ಕಾಯಿಲೆಯನ್ನು ತಪ್ಪಿಸಿಕೊಳ್ಳಲು ಬಿಡಬಾರದು.

ಎಎಫ್‌ಪಿ ಏರಿದ್ದರೆ ಮುಂದಿನದು ಜೀನ್ ಪರೀಕ್ಷೆ. ಎ-ಟಿ ಬರಬೇಕಾದರೆ ತಾಯಿಯಿಂದ ಬಂದ ಎಟಿಎಂ ಜೀನಿನ ಪ್ರತಿಯೂ ತಂದೆಯಿಂದ ಬಂದ ಪ್ರತಿಯೂ ಕೆಟ್ಟಿರಬೇಕು. ವರದಿಯಲ್ಲಿ ಎರಡು ದೋಷ ಸಿಕ್ಕರೆ ಅಪ್ಪ ಅಮ್ಮ ಇಬ್ಬರ ರಕ್ತವನ್ನೂ ಪರೀಕ್ಷಿಸಿ, ಒಂದೊಂದು ಒಬ್ಬೊಬ್ಬರಿಂದ ಬಂದಿದೆ ಎಂದು ಖಚಿತಪಡಿಸಿಕೊಳ್ಳಬೇಕು. ಎರಡೂ ಒಂದೇ ಪ್ರತಿಯಲ್ಲಿದ್ದರೆ ರೋಗನಿರ್ಣಯ ನಿಲ್ಲುವುದಿಲ್ಲ. ಸೋದರಮಾವ, ಅತ್ತೆ ಮಗ, ಮಾವನ ಮಗಳು ಎಂದು ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಬಂದಿರುವುದು ಸಾಮಾನ್ಯ. ಇದನ್ನು ಕೇಳಿ ಹೆಣ್ಣಿನ ಕಡೆ, ಗಂಡಿನ ಕಡೆ ಎಂದು ತಪ್ಪು ಹೊರಿಸುವ ಮಾತು ಶುರುವಾಗುತ್ತದೆ. ಲೆಕ್ಕ ನೋಡಿದರೆ ಇಬ್ಬರದೂ ಸಮ ಪಾಲು, ಮತ್ತು ಸಂಬಂಧವೇ ಇಲ್ಲದ ದಂಪತಿಗಳಿಗೂ ಇಂಥ ಮಗು ಹುಟ್ಟುತ್ತದೆ.

ಒಂದೇ ದೋಷ ಸಿಕ್ಕಿ ಇನ್ನೊಂದು ಸಿಗದಿದ್ದರೆ ಕೈಚೆಲ್ಲಬೇಡಿ. ಎಕ್ಸೋಮ್ ಪರೀಕ್ಷೆ ಎಕ್ಸಾನ್‌ಗಳನ್ನೂ ಅವುಗಳ ಅಂಚನ್ನೂ ಮಾತ್ರ ಓದುತ್ತದೆ. ಬ್ರಿಟನ್ನಿನ ಕುಟುಂಬಗಳಲ್ಲಿ ಹೆಸರಾದ ಒಂದು ದೋಷ ಎಕ್ಸಾನ್‌ನಿಂದ 1,050 ಅಕ್ಷರ ದೂರದಲ್ಲಿ, ಎಕ್ಸಾನ್‌ಗಳ ನಡುವಿನ ಇಂಟ್ರಾನ್‌ನ ಆಳದಲ್ಲಿದೆ. ಅಲ್ಲಿ ಒಂದು ಅಕ್ಷರ ಬದಲಾದ್ದರಿಂದ 137 ಅಕ್ಷರಗಳ ಕಸ ಸಂದೇಶದ ಮಧ್ಯೆ ಸೇರಿಕೊಳ್ಳುತ್ತದೆ. ಎಕ್ಸೋಮ್‌ಗೆ ಅದು ಕಾಣುವುದೇ ಇಲ್ಲ. ಇಡೀ ಜೀನೋಮ್ ಓದಿಸುವುದು, ಆರ್‌ಎನ್‌ಎ ಪರೀಕ್ಷೆ, ದೊಡ್ಡ ತುಂಡು ಬಿದ್ದುಹೋಗಿದೆಯೇ ಎಂದು ನೋಡುವ ಎಂಎಲ್‌ಪಿಎ, ಇಲ್ಲವೇ ಕೋಶದಲ್ಲಿ ಎಟಿಎಂ ಪ್ರೋಟೀನ್ ಇದೆಯೇ ಎಂದು ನೋಡುವ ಪರೀಕ್ಷೆ ಇಂಥಲ್ಲಿ ಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಈ ಬಗ್ಗೆ ಕೂತು ಮಾತನಾಡುವವರಿದ್ದಾರೆ.

ಹೆಸರು ಸಿಕ್ಕ ದಿನವೇ ಫೈಲಿನ ಮುಖಪುಟದಲ್ಲಿ ದೊಡ್ಡದಾಗಿ ಬರೆಯಬೇಕಾದ ಸಾಲು: ವಿಕಿರಣ ತಡೆಯದ ದೇಹ. 1960ರ ದಶಕದಲ್ಲಿ ಲಿಂಫೋಮಾ ಬಂದ ಎ-ಟಿ ಮಕ್ಕಳಿಗೆ ಎಲ್ಲರಿಗೂ ಕೊಡುವಷ್ಟೇ ರೇಡಿಯೋಥೆರಪಿ ಕೊಟ್ಟಾಗ ಚರ್ಮ, ಅನ್ನನಾಳ ಸುಟ್ಟುಹೋಗಿ ಪ್ರಾಣಕ್ಕೇ ಬಂದಿತ್ತು. ಅವರ ಕೋಶಗಳೇ ವಿಕಿರಣಕ್ಕೆ ಬೇಗ ಸಾಯುತ್ತವೆ ಎಂದು 1975ರಲ್ಲಿ ಮಾಲ್ಕಮ್ ಟೇಲರ್ ಅವರ ತಂಡ ತೋರಿಸಿತು. ಕ್ಯಾನ್ಸರ್ ಬಂದರೆ ಕೀಮೋ ಪ್ರಮಾಣವನ್ನೂ ತಗ್ಗಿಸಬೇಕಾಗುತ್ತದೆ. ಬ್ಲಿಯೋಮೈಸಿನ್‌ನಂಥ, ವಿಕಿರಣದ ರೀತಿಯಲ್ಲೇ ಡಿಎನ್‌ಎ ಮುರಿಯುವ ಔಷಧಿ ಬೇಡ. ಹಾಗೆಂದು ನ್ಯುಮೋನಿಯಾ ಬಂದಾಗ ಎದೆಯ ಎಕ್ಸ್‌ರೇ ನಿರಾಕರಿಸುವುದು ತಪ್ಪು. ಅದರ ಪ್ರಮಾಣ 0.1 ಮಿಲಿಸೀವರ್ಟ್ ಒಳಗೆ, ಎದೆಯ ಸಿಟಿಯದು ಸುಮಾರು 7. ಅಲ್ಟ್ರಾಸೌಂಡ್, ಎಂಆರ್‌ಐಯಿಂದ ಉತ್ತರ ಸಿಗುವಂತಿದ್ದರೆ ಅದನ್ನೇ ಮಾಡಿಸಿ. ‘ಒಂದು ಸಲ ನೋಡಿಬಿಡೋಣ’ ಎಂಬ ಸಿಟಿ ಬೇಡ.

ಲಸಿಕೆ: ರುಬೆಲ್ಲಾ ಲಸಿಕೆಯ ಜೀವಂತ ವೈರಸ್ ಎ-ಟಿ ಇರುವ ಕೆಲವರ ಚರ್ಮದಲ್ಲಿ ವರ್ಷಗಟ್ಟಲೆ ಉಳಿದು ಗಂಟುಗಂಟಾದ ಹುಣ್ಣು ಮಾಡುತ್ತದೆ. ನಮ್ಮಲ್ಲಿ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ಮೊದಲ ಡೋಸ್ ಒಂಬತ್ತು ತಿಂಗಳಿಗೇ ಬೀಳುವುದರಿಂದ ಅದನ್ನು ತಡೆಯುವುದು ಕಷ್ಟ. ರೋಗ ಗೊತ್ತಾದ ಮೇಲೆ ಜೀವಂತ ಲಸಿಕೆ ಯಾವುದನ್ನೇ ಆಗಲಿ ಇಮ್ಯುನಾಲಜಿ (ರೋಗನಿರೋಧಕ ಶಕ್ತಿಯ ಶಾಸ್ತ್ರ) ತಿಳಿದವರನ್ನು ಕೇಳದೆ ಹಾಕಿಸಬೇಡಿ. ಮನೆಯ ಉಳಿದವರೆಲ್ಲ ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳಿ.

ದಿನನಿತ್ಯದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಊಟದ ತಟ್ಟೆ. ನೀರು ಕುಡಿಯುವಾಗ ಮಗು ಕೆಮ್ಮಿದರೆ ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು ಎಂದು ತಲೆ ತಟ್ಟಿ ಸುಮ್ಮನಾಗುತ್ತೇವೆ. ಈ ಮಗುವಿನಲ್ಲಿ ಅದು ನುಂಗುವ ಸ್ನಾಯುಗಳ ತಾಳ ತಪ್ಪಿದ ಗುರುತು. ತೆಳು ನೀರು ಎಲ್ಲಕ್ಕಿಂತ ಅಪಾಯ, ಏಕೆಂದರೆ ಗಂಟಲು ಮುಚ್ಚಿಕೊಳ್ಳುವ ಮೊದಲೇ ಅದು ಹರಿದು ಶ್ವಾಸನಾಳಕ್ಕೆ ಇಳಿಯುತ್ತದೆ. ಅದೇ ಮಗು ಚಮಚದಿಂದ ಜಾರುವಷ್ಟು ಮಂದವಾದ ರಾಗಿ ಗಂಜಿಯನ್ನು ಸಲೀಸಾಗಿ ನುಂಗಬಹುದು. ಬೆನ್ನು ನೆಟ್ಟಗೆ, ಪಾದ ನೆಲಕ್ಕೆ ಅಥವಾ ಮಣೆಗೆ ತಾಗುವಂತೆ ಕೂರಿಸಿ. ಗಲ್ಲ ಎದೆಯ ಕಡೆಗೆ ತುಸು ಬಾಗಿರಲಿ. ಲೋಟ ಎತ್ತಿ ತಲೆ ಹಿಂದಕ್ಕೆ ಬಾಗಿಸಿ ಕುಡಿಸುವುದು, ಮೇಲಿಂದ ಬಾಯಿಗೆ ನೀರು ಹೊಯ್ಯುವುದು ಬೇಡ. ಅರ್ಧ ಚಮಚ, ನುಂಗಿದ್ದು ಕಂಡ ಮೇಲೆ ಮುಂದಿನದು. ಮಾತು, ಟಿವಿ ಎರಡೂ ಆ ಹೊತ್ತಿಗೆ ನಿಲ್ಲಲಿ. ಅವಲಕ್ಕಿ, ಪುರಿ, ಕಡಲೆಬೀಜದಂಥ ಉದುರು ತಿನಿಸಿಗಿಂತ ಮೊಸರಿನಲ್ಲಿ ಕಲಸಿದ ಮೆತ್ತನೆಯ ಅನ್ನ ಮೇಲು.

ಹತ್ತು ವರ್ಷ ದಾಟಿದ ಮೇಲೆ ಕೆಮ್ಮೂ ಬರದೆ ಆಹಾರ ಶ್ವಾಸಕೋಶಕ್ಕೆ ಇಳಿಯಬಹುದು. ಆದ್ದರಿಂದ ಕೆಮ್ಮನ್ನು ನಂಬಬೇಡಿ. ಕುಡಿದ ಮೇಲೆ ದನಿ ಗೊರಗೊರ ಎನ್ನುವುದು, ಒಂದು ಊಟಕ್ಕೆ 40 ನಿಮಿಷ ಮೀರುವುದು, ಮೂರು ತಿಂಗಳಲ್ಲಿ ತೂಕ ಏರದಿರುವುದು, ಇವನ್ನು ಬರೆದಿಡಿ. ನುಂಗುವಿಕೆ ನೋಡುವ ವಿಡಿಯೋ ಪರೀಕ್ಷೆ ಎಕ್ಸ್‌ರೇಯಿಂದ ಆಗುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡುವ ವಿಧಾನವೂ ಇದೆ. ಸಾಧ್ಯವಾದರೆ ಅದನ್ನು ಕೇಳಿ. ಹೊಟ್ಟೆಗೆ ನೇರ ಟ್ಯೂಬ್ ಹಾಕಿಸುವ ಮಾತು ಬಂದರೆ ಮನಸ್ಸು ಒಪ್ಪುವುದಿಲ್ಲ, ಸಹಜ. ಆದರೆ ಮೈ ಸೊರಗಿ ಶ್ವಾಸಕೋಶ ಕೆಟ್ಟ ಮೇಲೆ ಅರಿವಳಿಕೆ ಕೊಡುವುದೇ ಅಪಾಯವಾಗುತ್ತದೆ. ಮಾಡಿಸುವುದಾದರೆ ಮಗು ಗಟ್ಟಿಯಿರುವಾಗಲೇ ಮಾಡಿಸುವುದು ಸರಿ ಎಂದು ನಾನು ನೇರವಾಗಿ ಹೇಳುತ್ತೇನೆ. ಟ್ಯೂಬ್ ಇದ್ದರೂ ರುಚಿಗೆ ಬಾಯಿಂದ ತಿನ್ನಬಹುದು.

ಶಾಲೆಯವರಿಗೆ ಒಂದು ಮಾತು. ದೃಷ್ಟಿ ಸರಿಯಿದ್ದರೂ ಕಣ್ಣು ಸಾಲಿನಿಂದ ಸಾಲಿಗೆ ಹಾರಲಾರದು. ದಪ್ಪಕ್ಷರ, ಸಾಲಿನ ಕೆಳಗೆ ಹಿಡಿಯುವ ಪಟ್ಟಿ, ಇಲ್ಲವೇ ಓದಿ ಹೇಳುವವರು ಬೇಕು. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರಲು ಹೊತ್ತು ಹಿಡಿಯುತ್ತದೆ, ಕಾಯಬೇಕು. ಬುದ್ಧಿ ಮಂದ ಎಂದು ಹಿಂದಿನ ಬೆಂಚಿಗೆ ಕಳಿಸುವುದು ಅನ್ಯಾಯ.

ತಾಯಿಯ ವಿಷಯವನ್ನು ಯಾರೂ ಎತ್ತುವುದಿಲ್ಲ. ಒಂದು ಪ್ರತಿ ಮಾತ್ರ ಕೆಟ್ಟವರಿಗೆ ನಡಿಗೆಯ ತೊಂದರೆ ಬರುವುದಿಲ್ಲ, ಆದರೆ ಅಂಥ ಹೆಂಗಸರಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಂಭವ 20-30%. ಅಮೆರಿಕದ ಕ್ಯಾನ್ಸರ್ ಕೇಂದ್ರಗಳ ಒಕ್ಕೂಟವಾದ ಎನ್‌ಸಿಸಿಎನ್‌ನ ಮಾರ್ಗಸೂಚಿ 40ನೇ ವಯಸ್ಸಿನಿಂದ ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ ಹೇಳುತ್ತದೆ, 30-35ರಿಂದ ಎಂಆರ್‌ಐ ಪರಿಗಣಿಸಿ ಎನ್ನುತ್ತದೆ. ಚಿಕ್ಕಮ್ಮ, ದೊಡ್ಡಮ್ಮ, ಅತ್ತೆಯರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇನ್ನೊಂದು ಮಗು ಬೇಕೆನ್ನುವವರಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮನೆಯ ಎರಡೂ ದೋಷಗಳು ಮೊದಲೇ ಗೊತ್ತಿದ್ದರೆ 11-13ನೇ ವಾರದಲ್ಲಿ ಗರ್ಭದ ಪರೀಕ್ಷೆ ಸಾಧ್ಯ. ಬಸಿರಾದ ಮೇಲೆ ಹುಡುಕಲು ಹೊರಟರೆ ಸಮಯ ಸಾಲದು.

ಔಷಧಿ ಬಗ್ಗೆ ಇರುವುದನ್ನು ಇದ್ದಂತೆ ಹೇಳಬೇಕು. ಸ್ಟಿರಾಯ್ಡ್ ಕೊಟ್ಟಾಗ ಕೆಲವರ ನಡಿಗೆ ತಾತ್ಕಾಲಿಕವಾಗಿ ಸುಧಾರಿಸುತ್ತದೆ. ಅಡ್ಡಪರಿಣಾಮ ತಗ್ಗಿಸಲು ರೋಗಿಯದೇ ಕೆಂಪು ರಕ್ತಕಣಗಳೊಳಗೆ ಡೆಕ್ಸಾಮೆಥಾಸೋನ್ ತುಂಬಿ ವಾಪಸ್ ಕೊಡುವ ಪ್ರಯೋಗ ನಡೆಯಿತು. 2024ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅದು ತನ್ನ ಮುಖ್ಯ ಗುರಿ ಮುಟ್ಟಲಿಲ್ಲ. ಮನೆಯಲ್ಲೇ ದಿನಾ ಸ್ಟಿರಾಯ್ಡ್ ಕೊಡುವ ಸಾಹಸ ಬೇಡ. ಸೋಂಕು ಹೆಚ್ಚುತ್ತದೆ, ಮಧುಮೇಹದ ಒಲವು ಈ ಮಕ್ಕಳಿಗೆ ಮೊದಲೇ ಇದೆ. ಸ್ಟೆಮ್ ಸೆಲ್ ಚುಚ್ಚಿ ವಾಸಿ ಮಾಡುತ್ತೇವೆ ಎನ್ನುವವರ ಹತ್ತಿರ ಹೋಗುವ ಮುನ್ನ 2009ರಲ್ಲಿ ವರದಿಯಾದ ಪ್ರಕರಣ ತಿಳಿದಿರಲಿ: ಎ-ಟಿ ಇದ್ದ ಒಬ್ಬ ಬಾಲಕನಿಗೆ ಮಾಸ್ಕೋದಲ್ಲಿ ಭ್ರೂಣದ ನರಕೋಶಗಳನ್ನು ಮೆದುಳಿಗೆ ಚುಚ್ಚಿದ ನಾಲ್ಕು ವರ್ಷಗಳ ಮೇಲೆ ಮೆದುಳಿನಲ್ಲೂ ಬೆನ್ನುಹುರಿಯಲ್ಲೂ ಗಡ್ಡೆ ಕಂಡಿತು. ಪರೀಕ್ಷಿಸಿದಾಗ ಗಡ್ಡೆಯ ಕೋಶಗಳು ಅವನವಲ್ಲ, ದಾನಿಗಳವು.

ನಿಜವಾದ ಆಸೆ ಹುಟ್ಟಿಸಿದ್ದು ಬಾಸ್ಟನ್ ಮಕ್ಕಳ ಆಸ್ಪತ್ರೆಯ ಟಿಮೊಥಿ ಯೂ ಅವರ ತಂಡದ ಕೆಲಸ. ಒಂದೇ ಒಂದು ಮಗುವಿನ ಎಟಿಎಂ ದೋಷಕ್ಕೆ ಅಳತೆ ಹಿಡಿದು, ಸಂದೇಶಕ್ಕೆ ಕಸ ಸೇರುವ ಜಾಗವನ್ನು ಮುಚ್ಚಿಡುವ, ಡಿಎನ್‌ಎಯಂಥ ಕಿರು ಎಳೆಯೊಂದನ್ನು ತಯಾರಿಸಿ ಬೆನ್ನುಹುರಿಯ ದ್ರವಕ್ಕೆ ಕೊಟ್ಟರು. ಮೂರು ವರ್ಷ ಕೊಟ್ಟರೂ ಗಂಭೀರ ಅಡ್ಡಪರಿಣಾಮ ಕಾಣಲಿಲ್ಲ. ಅದೇ ತಂಡ 235 ರೋಗಿಗಳ ಪೂರ್ತಿ ಜೀನೋಮ್ ಓದಿ, 9% ಮಂದಿಯ ದೋಷ ಇಂಥ ಚಿಕಿತ್ಸೆಗೆ ಒಗ್ಗುವ ಸಂಭವ ಹೆಚ್ಚು, ಇನ್ನೂ 6% ಮಂದಿಯದು ಒಗ್ಗಬಹುದು ಎಂದು 2023ರಲ್ಲಿ ಪ್ರಕಟಿಸಿತು. ಒಗ್ಗುವ ದೋಷಗಳು ಹೆಚ್ಚಾಗಿ ಎಕ್ಸೋಮ್ ವರದಿಯಲ್ಲಿ ‘ಸಿಗಲಿಲ್ಲ’ ಎಂದು ಬಿಟ್ಟುಹೋಗುವ ಜಾತಿಯವೇ. ಆದ್ದರಿಂದ ನಿಮ್ಮ ಕೈಯಲ್ಲಿ ಅರ್ಧ ಉತ್ತರದ ಹಳೆಯ ವರದಿಯಿದ್ದರೆ ಲ್ಯಾಬ್‌ನಿಂದ ಮೂಲ ದತ್ತಾಂಶದ ಕಡತ ಕೇಳಿ ಪಡೆದುಕೊಳ್ಳಿ, ಜೀನೋಮ್ ಓದಿಸಿ, ಎರಡೂ ದೋಷಗಳ ಪೂರ್ತಿ ಬರಹವನ್ನು, ಸಿ ಚುಕ್ಕಿಯಿಂದ ಶುರುವಾಗುವ ಆ ಅಂಕಿ-ಅಕ್ಷರಗಳನ್ನು, ಫೈಲಿನ ಮೊದಲ ಪುಟಕ್ಕೆ ಅಂಟಿಸಿಡಿ. ಯಾವ ಚಿಕಿತ್ಸಾ ತಂಡಕ್ಕೆ ಪತ್ರ ಬರೆದರೂ ಅವರು ಮೊದಲು ಕೇಳುವುದು ಅದನ್ನೇ.